ಬಿಲ್ಲೆ ಭಾವನ ಒತ್ತು

ನನ್ನ ಅಕ್ಕನ ಗಂಡನಿಗೆ ಇಸ್ಪೀಟು ಆಡಲು ಬರುವುದಿಲ್ಲ. ರಾಜ ದೊಡ್ಡವನೋ ಎಕ್ಕ ದೊಡ್ಡದೋ ಎಂದು ಕೇಳಿದರೆ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಹದಿನಾಲ್ಕು ವರ್ಷದಿಂದ ಅವರು ಮಾಡುತ್ತಿರುವ ಕೆಲಸ ಪೋಕರ್ ಆಟದಲ್ಲಿ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳ ಲೇಬಲ್ಲಿಗೆ ಚಿತ್ತಾರ ಬಿಡಿಸುವುದು. ಹಾಗಾಗಿ ಬಿಲ್ಲೆ ಭಾವ ಎಂದು ಹೆಸರಿಟ್ಟವಳು ನಾನು, ಅವರ ನಾದಿನಿ. ಅಂಗಡಿಯಲ್ಲಿ ಕತ್ತರಿಸುವ ಯಂತ್ರ ನನ್ನದು, ಅಂಟಿಸುವ ಚಿಮಟವೂ ನನ್ನದೇ. ಅವರ ಕೆಲಸ ಎಲ್ಲಿ ಮುಗಿಯುತ್ತದೋ ನನ್ನ ಬೆನ್ನುನೋವು ಅಲ್ಲಿಂದ ಶುರುವಾಗುತ್ತದೆ.

ನಮ್ಮದು ಎರಡು ಕೋಣೆಯ ಅಂಗಡಿ. ಮುಂದಿನದರಲ್ಲಿ ಭಾವನ ಮೇಜು ಮತ್ತು ಕಂಪ್ಯೂಟರು, ಹಿಂದಿನದರಲ್ಲಿ ಯಂತ್ರಗಳು ಮತ್ತು ನಾನು. ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ. ಅವರು ಕೊರೆಯಲು ಶುರುಮಾಡಿದರೆ ಕೆಳಗೆ ನಮ್ಮ ಗಿರಾಕಿಗಳೂ ದವಡೆ ಹಿಡಿದುಕೊಳ್ಳುತ್ತಾರೆ. ಮೊದಲು ಬೋರ್ಡಿನ ಮೇಲೆ 'ಚಿಪ್ಸ್ ಲೇಬಲ್' ಎಂದು ಬರೆಸಿದ್ದೆವು. ಕಾಲು ಕಿಲೋ ಎಷ್ಟು, ಖಾರದ್ದು ಇದೆಯಾ ಎಂದು ಫೋನು ಬರತೊಡಗಿತು. ಭಾವ ಒಬ್ಬೊಬ್ಬರಿಗೂ "ಇದು ತಿನ್ನೋದಲ್ಲ, ಆಡೋದು" ಎಂದು ಸಮಾಧಾನದಿಂದ ವಿವರಿಸುತ್ತ ಕೂರುತ್ತಿದ್ದರು. ನನಗೆ ಅಷ್ಟು ತಾಳ್ಮೆ ಇಲ್ಲ. ಮೂರನೇ ದಿನ ಏಣಿ ಹತ್ತಿ ಚಿಪ್ಸ್ ಅಳಿಸಿ ಬಿಲ್ಲೆ ಎಂದು ಬರೆದೆ.

ಬಿಲ್ಲೆಯ ಎರಡೂ ಮುಖದ ನಡುವೆ ಒಂದು ಇಂಚಿನ ದುಂಡು ತಗ್ಗು ಇರುತ್ತದೆ. ಭಾವನ ಪ್ರಪಂಚ ಅಷ್ಟೇ ಅಗಲ. ಈ ಕೆಲಸಕ್ಕೂ ಮೊದಲು ಹನ್ನೊಂದು ವರ್ಷ ಔಷಧಿ ಬಾಟಲಿಗಳ ಮೇಲೆ 'ಚೆನ್ನಾಗಿ ಅಲುಗಾಡಿಸಿ' ಎಂದು ಬರೆಯುತ್ತಿದ್ದವರು. ಅಲುಗಾಡದೆ ಕೂರುವುದನ್ನು ಅಲ್ಲೇ ಕಲಿತಿರಬೇಕು. ಒಂದು ಬಳ್ಳಿಯ ಸುಳಿ ಎಡಕ್ಕೆ ಬಾಗಬೇಕೋ ಬಲಕ್ಕೋ ಎಂದು ಅರ್ಧ ದಿನ ನೋಡುತ್ತಾರೆ. ಗಿರಾಕಿಗಳು ನಾಯಿಯ ಮುಖ ಕೇಳುತ್ತಾರೆ, ಹೆಂಡತಿಯ ಮುಖ ಕೇಳುತ್ತಾರೆ, ಒಬ್ಬರು ತಮ್ಮ ಹಳೆಯ ಲಾರಿಯನ್ನೇ ಕೇಳಿದ್ದರು. ಭಾವ ಯಾವುದಕ್ಕೂ ಹುಬ್ಬೇರಿಸುವುದಿಲ್ಲ. ಅಳತೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಯಾವತ್ತಿಗೆ ಬೇಕು ಎಂದು ಕೇಳುತ್ತಾರೆ. ಅವರ ಜೊತೆ ಜಗಳ ಆಡಬೇಕೆಂದರೂ ಇಬ್ಬರ ಪಾಲಿನ ಮಾತೂ ನಾನೇ ಆಡಬೇಕು.

ಅಂಗಡಿಯಲ್ಲಿ ಅವರು ಹಾಕಿದ ಕಟ್ಟಳೆ ಒಂದೇ: ಒತ್ತು ಕತ್ತರಿಗೆ ಸಿಗಬಾರದು. ಅಕ್ಷರದ ಕೆಳಗೆ ಜೋತುಬೀಳುವ ಒತ್ತು ದುಂಡನೆಯ ಲೇಬಲ್ಲಿನಲ್ಲಿ ಅಂಚಿಗೆ ಹೋಗುತ್ತದೆ, ಯಂತ್ರದ ಬಾಯಿಗೆ ಸಿಕ್ಕರೆ ಹೋಯಿತು. ಮೊದಲ ವರ್ಷ ಒಂದು ಗೆಳೆಯರ ಗುಂಪಿನವರು ಸೋತವನ ಕೈಗೆ ಕೊಡಲು 'ಕತ್ತೆ' ಎಂಬ ಬಿಲ್ಲೆ ಕೇಳಿದ್ದರು. ನಾನು ಕತ್ತರಿಸಿದೆ, ಒತ್ತು ಹಾರಿತು, ಸೋತವನ ಕೈಗೆ 'ಕತೆ' ಹೋಯಿತು. ಅವನು ಎದ್ದು ನಿಂತು ಒಂದು ಗಂಟೆ ಕತೆ ಹೇಳಿದನಂತೆ. ಅವತ್ತಿನಿಂದ ನಾನು ಪ್ರತಿ ಹಾಳೆಯನ್ನೂ ಮುದ್ರಿಸುವ ಮೊದಲು ಒತ್ತುಗಳನ್ನು ನೋಡುತ್ತೇನೆ. ಅಂಚಿಗೆ ಹತ್ತಿರ ಕಂಡರೆ ಮೇಲೆ ಸರಿಸುತ್ತೇನೆ.

ನಮ್ಮ ಅಮ್ಮನಿಗೆ ಈ ಅಳಿಯ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸಿದವಳು. ಮಾತಾಡದವರನ್ನು ಕಂಡರೆ ಲೈನು ಸತ್ತುಹೋಗಿದೆ ಎಂದುಕೊಳ್ಳುತ್ತಾಳೆ. ನಿಮ್ಮ ಅಳಿಯ ಏನು ಮಾಡ್ತಾರೆ ಎಂದು ಯಾರಾದರೂ ಕೇಳಿದರೆ "ಅಂಟಿಸ್ತಾರೆ" ಎನ್ನುತ್ತಾಳೆ. ವಾಸ್ತವವಾಗಿ ಅಂಟಿಸುವವಳು ನಾನು. ಆ ಮರ್ಯಾದೆಯೂ ನನಗೆ ಸಿಗಲಿಲ್ಲ.

ಅಮ್ಮ ಪ್ರತಿ ಶನಿವಾರ ಮಧ್ಯಾಹ್ನ ಟೈಲರ್ ಅಂಗಡಿಯ ಮೇಲಿನ ಕೋಣೆಗೆ ಪೋಕರ್ ಆಡಲು ಹೋಗುತ್ತಾಳೆ. ಟೈಲರ್, ನಿವೃತ್ತ ನರ್ಸಮ್ಮ, ನಿವೃತ್ತ ಪೋಸ್ಟ್‌ಮ್ಯಾನ್ ಮತ್ತು ಅಮ್ಮ. ಅಲ್ಲಿ ಅವಳ ಹೆಸರು ಫೋನಮ್ಮ. ದುಡ್ಡಿನ ಆಟವಲ್ಲ, ಸೋತವರು ಟೀ ಲೋಟ ತೊಳೆಯಬೇಕು. ಹತ್ತೊಂಬತ್ತು ವರ್ಷದಲ್ಲಿ ಅಪ್ಪ ತೀರಿಕೊಂಡ ವಾರ ಒಂದನ್ನು ಬಿಟ್ಟರೆ ಅವಳು ತಪ್ಪಿಸಿದ್ದಿಲ್ಲ. ಉಳಿದ ಆರು ದಿನ ಇರುವುದೇ ಶನಿವಾರಕ್ಕೆ ಕಾಯುವುದಕ್ಕೆ ಎನ್ನುತ್ತಾಳೆ, ತಮಾಷೆಗಲ್ಲ.

ಈಗ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಗ ಅದು ನನಗೆ ಗೊತ್ತಿರಲಿಲ್ಲ, ಭಾವನಿಗೆ ಗೊತ್ತಿತ್ತು. ಅಮ್ಮನ ಕಣ್ಣು ಹೋಗುತ್ತಿತ್ತು. ಡಾಕ್ಟರು ಹನಿ ಹಾಕಿಕೊಳ್ಳಲು ಔಷಧಿ ಕೊಟ್ಟು, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದಿದ್ದರು. ನನ್ನ ಹತ್ತಿರ ಅಮ್ಮ "ಕಣ್ಣು ಒಣಗುತ್ತೆ, ಅದಕ್ಕೆ" ಎಂದಿದ್ದಳು, ನಾನೂ ನಂಬಿದ್ದೆ. ದೊಡ್ಡ ಅಂಕಿಯ ಇಸ್ಪೀಟು ಎಲೆಗಳನ್ನು ಮುಖದ ಹತ್ತಿರ ಹಿಡಿದರೆ ಓದಬಲ್ಲಳು. ಆದರೆ ಮೇಜಿನ ಮೇಲಿನ ನೀಲಿ, ಹಸಿರು, ಕಪ್ಪು ಬಿಲ್ಲೆಗಳು ಮೂರೂ ಅವಳಿಗೆ ಒಂದೇ ಕತ್ತಲೆ. ಹತ್ತು ಎಂದು ಹೇಳಿ ನೂರು ಇಡತೊಡಗಿದಳು. ಉಳಿದವರು ಅರವತ್ತಕ್ಕೆ ಅರಳು ಮರಳು ಎಂದು ಮೊದಮೊದಲು ನಕ್ಕರು. ಆಮೇಲೆ ಟೈಲರ್ ನೇರವಾಗಿಯೇ ಹೇಳಿದರಂತೆ: "ಫೋನಮ್ಮ, ಇನ್ನೊಂದು ಸಲ ಹೀಗಾದ್ರೆ ನೀವು ಆಟ ನೋಡ್ತಾ ಕೂತ್ಕೊಳ್ಳಿ. ನನ್ನ ತಮ್ಮನ್ನ ಕರ್ಕೊಂಡು ಬರ್ತೀನಿ." ನೋಡುತ್ತ ಕೂರುವುದಂತೆ, ಕಣ್ಣು ಕಾಣದವಳು.

ಒಂದು ದಿನ ಭಾವ ಇದ್ದಕ್ಕಿದ್ದಂತೆ "ಅತ್ತೆ ಗುಂಪಿಗೆ ಒಂದು ಹೊಸ ಸೆಟ್ ಮಾಡೋಣ" ಎಂದರು.

"ಅತ್ತೇನ ಕಾಕಾ ಹಿಡಿಯೋಕೆ ಇಪ್ಪತ್ತು ವರ್ಷ ಬೇಕಾಯ್ತಾ ಭಾವ?" ಎಂದೆ. ಅವರು ಆಗಲೇ ಹಾಳೆಯ ಮೇಲೆ ದುಂಡಗೆ ಗೆರೆ ಎಳೆಯುತ್ತಿದ್ದರು.

ಸೆಟ್ ಮಾತ್ರ ನೋಡುವಂತಿತ್ತು. ಒಂದರ ಬಿಳಿ ಬಿಲ್ಲೆಗೆ ಟೈಲರ್‌ನ ಕತ್ತರಿ, ಐದರ ನೀಲಿಗೆ ಲಕೋಟೆ, ಹತ್ತರ ಹಸಿರಿಗೆ ಥರ್ಮಾಮೀಟರ್, ನೂರರ ಕಪ್ಪಿಗೆ ಹಳೆಯ ಕಾಲದ ಟೆಲಿಫೋನು. ಸುತ್ತ ಬಳ್ಳಿ. ಅಂಕಿಯ ಬದಲು ಅಕ್ಷರದಲ್ಲಿ ಬರೆದಿದ್ದರು: ಒಂದು, ಐದು, ಹತ್ತು, ನೂರು. ಒಂದೇ ಜಾಗದಲ್ಲಿ ನಾಲ್ಕೈದು ಸಲ ಶಾಯಿ ಬಿದ್ದರೆ ನಮ್ಮ ಯಂತ್ರದಲ್ಲಿ ಅದು ಉಬ್ಬುತ್ತದೆ. ಭಾವ 'ಹತ್ತು' ಎಂಬಲ್ಲಿ ತ-ಒತ್ತನ್ನು ಮಾತ್ರ ಉಬ್ಬಿಸಿ, ಅಕ್ಷರದಿಂದ ಬಿಡಿಸಿ, ತೀರ ಕೆಳಗೆ ಅಂಚಿನವರೆಗೂ ಇಳಿಸಿದ್ದರು. 'ನೂರು' ಎಂಬಲ್ಲಿ ನೂ ಅಕ್ಷರದ ಬಾಲವನ್ನು ಬಳ್ಳಿಯಂತೆ ಬಲದ ಅಂಚಿನವರೆಗೆ ಎಳೆದು ಉಬ್ಬಿಸಿದ್ದರು. 'ಐದು' ನುಣ್ಣಗಿತ್ತು. ನಾನು ಅದನ್ನೆಲ್ಲ ಅಲಂಕಾರ ಎಂದುಕೊಂಡೆ. ಬೆರಳಿಗೆ ಸಿಗಲಿ ಎಂದು ಹಾಗೆ ಮಾಡಿದ್ದಾರೆ ಎಂದು ನನಗೆ ಹೇಗೆ ಹೊಳೆಯಬೇಕು? ಅವರು ಬಾಯಿಬಿಟ್ಟು ಹೇಳಿದ್ದರೆ ತಾನೆ?

ಮುದ್ರಿಸಬೇಕಾಗಿದ್ದ ಶುಕ್ರವಾರ ಬೆಳಿಗ್ಗೆ ಭಾವ ಮೇಲಿನ ಮಹಡಿಗೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡು ಬಂದರು. ಬಾಯಿ ತುಂಬ ಹತ್ತಿ, ಕೆನ್ನೆ ಊದಿಕೊಂಡಿತ್ತು. ಮನೆಗೆ ಹೋಗುವ ಮೊದಲು ನನ್ನ ಹತ್ತಿರ ಬಂದು, ಪರದೆಯ ಮೇಲಿದ್ದ 'ಹತ್ತು' ತೋರಿಸಿ, ಹತ್ತಿಯ ಸಂದಿಯಿಂದ ಏನೋ ಅಂದರು. ನನಗೆ ಕೇಳಿಸಿದ್ದು "ಒತ್ತು ನೋಡು."

ನೋಡಿದೆ. ಒತ್ತು ಅಂಚಿಗೆ ತಾಗುವಂತಿತ್ತು. ಅವರೇ ಹಾಕಿದ ಕಟ್ಟಳೆ, ಅವರದೇ ತಪ್ಪು. ಪಾಪ, ನೋವಿನಲ್ಲಿ ತಿದ್ದಲು ಆಗದೆ ನನಗೆ ಹೇಳಿ ಹೋಗಿದ್ದಾರೆ ಎಂದುಕೊಂಡು ನಾನು ಒತ್ತನ್ನು ಚಿಕ್ಕದು ಮಾಡಿ, ಮೇಲೆ ತಳ್ಳಿ, ಅಕ್ಷರದ ಹೊಟ್ಟೆಗೆ ಸೇರಿಸಿದೆ. ನೂ ಅಕ್ಷರದ ಬಾಲವನ್ನೂ ಬಿಡಲಿಲ್ಲ, ಮೊಟಕು ಮಾಡಿದೆ. ಇನ್ನೂರು ಬಿಲ್ಲೆ, ನಾನೂರು ಲೇಬಲ್. ಸಂಜೆಯ ಹೊತ್ತಿಗೆ ಮುದ್ರಿಸಿ, ಕತ್ತರಿಸಿ, ಒಂದೂ ಸೊಟ್ಟಗಾಗದಂತೆ ಅಂಟಿಸಿ ಡಬ್ಬಿಗೆ ತುಂಬಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ, ಅದೂ ಬಹಳ ಅಂದವಾಗಿ.

ಮರುದಿನ ಡಬ್ಬಿಯನ್ನು ನಾವಿಬ್ಬರೂ ಟೈಲರ್ ಕೋಣೆಗೆ ತೆಗೆದುಕೊಂಡು ಹೋದೆವು. ಹೊಲಿಗೆ ಯಂತ್ರಗಳ ಸದ್ದು ಕೆಳಗಿನಿಂದ ಬರುತ್ತಿತ್ತು. ಕಿಟಕಿಯ ಪಕ್ಕ ಬಟ್ಟೆಯ ಸುರುಳಿಗಳು, ನಡುವೆ ಬಟ್ಟೆ ಕತ್ತರಿಸುವ ಹಳೆಯ ಮೇಜು. ಎಲ್ಲರೂ ಬಿಲ್ಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನರ್ಸಮ್ಮ ತನ್ನ ಥರ್ಮಾಮೀಟರ್ ಕಂಡು ಇದು ನೂರಾ ಎರಡು ತೋರಿಸ್ತಿದೆ, ಯಾರಿಗೆ ಜ್ವರ ಎಂದು ಕೇಳಿದರು. ಆಟ ಶುರುವಾಯಿತು. ಅಮ್ಮ ಬಲಗೈಯಲ್ಲಿ ಎಲೆ ಹಿಡಿದು, ಎಡಗೈಯಲ್ಲಿ ಒಂದು ಬಿಲ್ಲೆ ತೆಗೆದುಕೊಂಡಳು. ಅವಳ ಹೆಬ್ಬೆರಳು ಬಿಲ್ಲೆಯ ಮೇಲೆ ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು, ಅಂಚಿನಲ್ಲಿ ನಿಂತಿತು. ನನ್ನ ಕೆಲಸದ ನುಣುಪು ನೋಡುತ್ತಿದ್ದಾಳೆ ಎಂದು ನನಗೆ ಹೆಮ್ಮೆಯೂ ಆಯಿತು.

"ಹತ್ತು" ಎಂದು ಅಮ್ಮ ಬಿಲ್ಲೆ ಮುಂದೆ ತಳ್ಳಿದಳು. ಕಪ್ಪು. ನೂರು.

ಟೈಲರ್ ತಮ್ಮ ಎಲೆಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟರು. "ನೋಡಿ ಫೋನಮ್ಮ, ಮತ್ತೆ ಹತ್ತು ಅಂದು ನೂರು ಇಟ್ರಿ. ಹೋದ ವಾರವೇ ಹೇಳಿದ್ದೆ."

ಅಮ್ಮನ ಹೆಬ್ಬೆರಳು ಮತ್ತೊಂದು ಬಿಲ್ಲೆಯ ಮೇಲೆ ಏನನ್ನೋ ಹುಡುಕುತ್ತಲೇ ಇತ್ತು.

ಬಾಗಿಲ ಹತ್ತಿರ ಕೂತಿದ್ದ ಭಾವ ಎದ್ದು ಬಂದರು. ಆ ಕಪ್ಪು ಬಿಲ್ಲೆ ಎತ್ತಿಕೊಂಡು ತಮ್ಮ ಹೆಬ್ಬೆರಳಿನಿಂದ ಒಮ್ಮೆ ಸವರಿದರು, ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಊದಿದ ಕೆನ್ನೆಯಲ್ಲೇ ಹೇಳಿದರು: "ಅತ್ತೆ ಹೇಳಿದ್ದೇ ಸರಿ. ಕಪ್ಪು ಹತ್ತೇ. ಹಸಿರು ನೂರು ಆಗ್ಬೇಕಿತ್ತು. ನಾನು ಅದಲುಬದಲು ಮಾಡಿಬಿಟ್ಟಿದ್ದೀನಿ. ವಾಪಸ್ ತಗೊಂಡು ಹೋಗ್ತೀನಿ."

ಹದಿನಾಲ್ಕು ವರ್ಷದಲ್ಲಿ ಅವರ ಒಂದು ಸೆಟ್ಟೂ ವಾಪಸ್ ಬಂದಿರಲಿಲ್ಲ. ಟೈಲರ್ ನಕ್ಕರು. "ಬಟ್ಟೆ ಆದ್ರೆ ಬಿಚ್ಚಿ ಹೊಲೀಬಹುದು. ಇದನ್ನೇನು ಮಾಡ್ತೀರಿ?" ಎಂದರು. ಪೋಸ್ಟ್‌ಮ್ಯಾನ್ ವಿಳಾಸ ತಪ್ಪಿದ ಕಾಗದ ಎಂದರು. ಭಾವ ತಲೆ ತಗ್ಗಿಸಿ ಎಲ್ಲ ಬಿಲ್ಲೆಗಳನ್ನೂ ಡಬ್ಬಿಗೆ ತುಂಬಿದರು. ಅವತ್ತಿನ ಆಟ ಅಲ್ಲಿಗೇ ನಿಂತಿತು.

ರಸ್ತೆಗೆ ಇಳಿಯುತ್ತಲೇ ನಾನು ಹರಿಹಾಯ್ದೆ. "ಯಾವ ಅದಲುಬದಲು ಭಾವ? ಅಂಟಿಸಿದ್ದು ನಾನು. ನೀವು ಹೇಳಿದ ಬಣ್ಣಕ್ಕೇ ಅಂಟಿಸಿದ್ದೀನಿ. ನಾಲ್ಕು ಜನರ ಮುಂದೆ ನನ್ನ ಕೆಲಸಕ್ಕೆ ಮಸಿ ಬಳಿದ್ರಲ್ಲ?"

"ಒತ್ತು ಯಾಕೆ ಮೇಲೆ ತಳ್ಳಿದೆ?"

"ಒತ್ತು ನೋಡು ಅಂದ್ರಲ್ಲ ನೀವೇ."

ಭಾವ ನಿಂತುಬಿಟ್ಟರು. "ಒತ್ತಿ ನೋಡು ಅಂದೆ ಕಣಮ್ಮ. ಬಾಯಲ್ಲಿ ಹತ್ತಿ ಇತ್ತು. ಮುದ್ರಿಸಿದ ಮೇಲೆ ಬೆರಳಲ್ಲಿ ಒತ್ತಿ ನೋಡು ಅಂತ." ಆಮೇಲೆ, ಅತ್ತೆ ಹೇಳಬಾರದು ಅಂದಿದ್ದರು ಎನ್ನುತ್ತಲೇ, ಅಮ್ಮನ ಕಣ್ಣಿನ ವಿಷಯ ಹೇಳಿದರು.

ನಾನು ಅಯ್ಯೋ ಎಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳುವೂ ಬಂತು. ದುಃಖ ಎಷ್ಟಿತ್ತೋ ಹೊಟ್ಟೆಕಿಚ್ಚೂ ಅಷ್ಟೇ ಇತ್ತು, ಸುಳ್ಳು ಹೇಳುವುದಿಲ್ಲ. ಹೆತ್ತ ಮಗಳಿಗೆ ಹೇಳದ ಮಾತನ್ನು, ಇಪ್ಪತ್ತು ವರ್ಷ ನೆಟ್ಟಗೆ ಮಾತಾಡಿಸದ ಅಳಿಯನಿಗೆ ಹೇಳಿದ್ದಳು.

ಭಾನುವಾರ, ಸೋಮವಾರ ಕೂತು ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಹಿಡಿದು ಲೇಬಲ್‌ಗಳನ್ನು ಕಿತ್ತೆವು. ಭಾವ ಒತ್ತನ್ನು ಮತ್ತೆ ಕೆಳಗಿಳಿಸಿದರು, ಬಾಲವನ್ನು ಮತ್ತೆ ಎಳೆದರು. ಹೇಳಿದ ಸುಳ್ಳಿಗೆ ತಕ್ಕಂತೆ ಈಗ ಕಪ್ಪು ಹತ್ತಾಗಬೇಕಿತ್ತು, ಹಸಿರು ನೂರಾಗಬೇಕಿತ್ತು. ಟೆಲಿಫೋನು ಹಸಿರಿಗೆ ಹೋಯಿತು. ಹಸಿರು ಟೆಲಿಫೋನ್ ಯಾವ ಕಚೇರಿಯಲ್ಲಿತ್ತು ಎಂದು ಅಮ್ಮ ಆಮೇಲೆ ಮೂಗು ಮುರಿದಳು. ಯಾರೋ ಹೇಳಿ ತಿಳಿದಿರಬೇಕು, ಅವಳಿಗೆ ಕಂಡಿದ್ದಂತೂ ಅಲ್ಲ. ಈ ಸಲ ನಾನು ನಾನೂರನ್ನೂ ಕಣ್ಣು ಮುಚ್ಚಿ ಒತ್ತಿ ನೋಡಿದೆ.

ಮುಂದಿನ ಶನಿವಾರ ನಾನು ಹೋಗಲಿಲ್ಲ, ಧೈರ್ಯವಾಗಲಿಲ್ಲ. ಸಂಜೆ ಅಮ್ಮ ಬಂದು ಚಪ್ಪಲಿ ಬಿಡುತ್ತ "ಟೈಲರ್ ಲೋಟ ತೊಳೆದ" ಎಂದಳು. ಒಂದೂ ಬಿಲ್ಲೆ ತಪ್ಪಿರಲಿಲ್ಲ. ಅಲ್ಲಿಂದೀಚೆಗೆ ಏಳು ತಿಂಗಳಾಯಿತು, ಅವಳ ಕುರ್ಚಿಯಲ್ಲಿ ಅವಳೇ ಕೂರುತ್ತಿದ್ದಾಳೆ. ಎಲೆಗಳ ಅಂಕಿಯನ್ನು ಇನ್ನೆಷ್ಟು ದಿನ ಓದಬಲ್ಲಳೋ ಗೊತ್ತಿಲ್ಲ. ಭಾವ ಈಗ ಎಲೆಗಳ ಮೇಲೂ ಏನೋ ಪ್ರಯೋಗ ನಡೆಸಿದ್ದಾರೆ.

ಟೈಲರ್ ಲೋಟ ತೊಳೆದ ಆ ಶನಿವಾರ ರಾತ್ರಿಯ ಅಡುಗೆಗೆ ಬಟಾಣಿ ಸುಲಿಯುತ್ತ ಕೂತಿದ್ದಾಗ ಅಮ್ಮನನ್ನು ಕೇಳಿಯೇ ಬಿಟ್ಟೆ. "ನನಗ್ಯಾಕೆ ಹೇಳ್ಲಿಲ್ಲ? ಭಾವಂಗೆ ಹೇಳೋಕೆ ಬಾಯಿ ಬಂತು, ನಾನೇನು ಪರಕೀಯಳಾ?"

ಅಮ್ಮ ಸಿಪ್ಪೆಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸುತ್ತಿದ್ದಳು. "ನಿನಗೆ ಹೇಳಿದ್ರೆ ನೀನು ಅಯ್ಯೋ ಅಂತಿದ್ದೆ. ನಿಮ್ಮಕ್ಕನೂ ಅಯ್ಯೋ ಅಂತಿದ್ಲು. ಆಮೇಲೆ ಇಬ್ರೂ ಸೇರ್ಕೊಂಡು, ಒಬ್ಳೇ ಮೆಟ್ಟಿಲು ಹತ್ತಬೇಡ, ಆಟ ಸಾಕು ಅಂತಿದ್ರಿ. ಈಗಲೂ ಅಳ್ತಿದ್ದೀಯ, ಮೂಗಿನ ಸದ್ದು ಕೇಳಿಸ್ತಿದೆ."

"ಭಾವ ಏನಂದ್ರು ಹಾಗಾದ್ರೆ?"

"ಅವರಾ," ಎಂದಳು ಅಮ್ಮ. "ಯಾವ ಬೆರಳು ಅಂತ ಕೇಳಿದ್ರು."