ಹೊಗೆ ಬಾಗುವ ಕಡೆ

ಬುತ್ತಿ ತಂದವಳು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಯಾವ ದೇವರಿಗೂ ಕೈ ಮುಗಿಯದ ನಮ್ಮನೆಯವರು ಊದುಬತ್ತಿ ಹಿಡಿದು ಮೇಜಿಗೆ ಸುತ್ತು ಬರುತ್ತಿದ್ದರು. ಬುತ್ತಿ ಕೆಳಗಿಟ್ಟು ನಾನೂ ಕೈ ಮುಗಿದೆ.

"ಇದೇನ್ರೀ, ಮನೇಲಿ ದೇವ್ರಿಗೆ ಒಂದು ಕಡ್ಡಿ ಹಚ್ದೋರಲ್ಲ, ಮೇಜಿಗೆ ಬೆಳಗ್ತಾ ಇದ್ದೀರಾ?"

"ಥೂ, ಪೂಜೆ ಅಲ್ಲ ಕಣೇ. ಗಾಳಿ ಎಳೆಯೋ ಕಡೆ ಹೊಗೆ ಬಾಗ್ತದೆ. ಬಗ್ಗಿ ನೋಡು, ನನ್ ಕಣ್ಣು ಸಾಲ್ದು."

ಇದು ಎಪ್ಪತ್ತರ ದಶಕದ ಮಾತು, ದೊಡ್ಡಬಳ್ಳಾಪುರದಲ್ಲಿ. ಮೇಜಿನ ಕೆಳಗಿನ ಪಂಪು ಹಲಗೆಯ ತೂತುಗಳಿಂದ ಗಾಳಿ ಎಳೆದು, ಮೇಲಿಟ್ಟ ತಗಡನ್ನು ಕೊರೆಯುವಾಗ ಅಲುಗದಂತೆ ಹಿಡಿಯಬೇಕಿತ್ತು. ಹಲಗೆ ಮರದ ನಾರು ಒತ್ತಿ ಮಾಡಿದ್ದು, ಬರೀ ಅಂಚಿನಿಂದಲೂ ಗಾಳಿ ನುಸುಳುವಂಥದ್ದು. ಅಂಚಿಗೆಲ್ಲ ವಾರ್ನಿಷ್ ಬಳಿದಿದ್ದರೂ ಎಲ್ಲಿಂದಲೋ ಗಾಳಿ ನುಗ್ಗಿ ತಗಡು ಜಾರುತ್ತಿತ್ತು. ಸಂಜೆ ಶೆಡ್ಡಿನ ಸಾಹುಕಾರರು ಬರುವಷ್ಟರಲ್ಲಿ ಸರಿಯಾಗದಿದ್ದರೆ ಇವರ ಕೆಲಸ ಹೋಗುತ್ತಿತ್ತು.

ನಾನು ಬಗ್ಗಿ ನೋಡಿದೆ. ಒಂದು ಮೂಲೆಯ ಅಡಿಯಲ್ಲಿ ಹೊಗೆ ಸರ್ರನೆ ಒಳಗೆ ಹೋಯಿತು. ವಾರ್ನಿಷ್ ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಅವರು ಅಲ್ಲಿಗೂ ಬಳಿದು ಒಣಗಿಸಿ, ತಗಡಿಟ್ಟು, ಪಂಪು ಹಾಕಿ, "ಈಗ ಎಳಿ ನೋಡಾನ" ಅಂದರು. ಎರಡೂ ಕೈ ಹಾಕಿ ಎಳೆದೆ, ಕದಲಲಿಲ್ಲ. ಕೆಲಸ ಉಳಿಯಿತು.

ಅವರು ತೀರಿಕೊಂಡ ದಿನ ಯಾರೋ ತಲೆಯ ಹತ್ತಿರ ಊದುಬತ್ತಿ ಹಚ್ಚಿಟ್ಟರು. ನಾನು ಬಗ್ಗಿ ನೋಡಿದೆ. ಹೊಗೆ ಮೂಗಿನ ಪಕ್ಕದಲ್ಲೇ ಹೋದರೂ ಬಾಗಲಿಲ್ಲ, ನೆಟ್ಟಗೆ ಮೇಲೆ ಹೋಯಿತು.