ಕುರಿಯ ಮೈಗೆ ಸುರಿದ ನೀರು

ಕ್ಯಾಸಂಬಳ್ಳಿಯ ಬಚ್ಚಪ್ಪ ಕುರಿ ಕೊಯ್ಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಹಾ ಒರಟ. ನಂದಿದುರ್ಗವೆಂಬ ಚಿನ್ನದ ಗಣಿಯ ಲೈನುಗಳಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ಮಾರಮ್ಮನಿಗೆ ಹರಕೆಯ ಕುರಿ ಬಿಟ್ಟವರೆಲ್ಲ ಅವನನ್ನೇ ಕರೆಯುತ್ತಿದ್ದರು. ಕುರಿಯ ಬೆನ್ನಿಗೆ ನೀರು ಸುರಿದು, ಅದು ಮೈ ಒದರುವವರೆಗೆ ಅವನು ಕತ್ತಿ ಮುಟ್ಟುತ್ತಿರಲಿಲ್ಲ. ಒದರಿದರೆ ಕುರಿ ಒಪ್ಪಿತೆಂದು ಅರ್ಥ. ಯಾರಾದರೂ ಅವಸರ ಮಾಡಿದರೆ, "ಓಗೋದು ನಿನ್ ಕತ್ತಲ್ಲವಲ್ಲ, ಸುಮ್ಕಿರ್ಲಾ" ಎಂದು ಗದರುತ್ತಿದ್ದ.

ಸಕ್ಕರೆ ಕಾಯಿಲೆಗೆ ಇನ್ನೂ ಸೂಜಿಮದ್ದು ಬಾರದಿದ್ದ ಕಾಲ ಅದು. ಗಣಿ ಕೆಲಸದ ಆರುಮುಗಂನ ಎಳೆಯ ಮಗಳು ಕನಕಮ್ಮ ಆ ಕಾಯಿಲೆಗೆ ಸಿಕ್ಕಿ ಎಲುಬಿನ ಗೂಡಾಗಿದ್ದಳು. ಎಷ್ಟು ಕುಡಿದರೂ ತೀರದ ದಾಹ. ಲೈನಿನ ಡಾಕ್ಟರು ಕೊನೆಯ ಪ್ರಯತ್ನವೊಂದಕ್ಕೆ ಕೈ ಹಾಕಿದರು. ಕುರಿಯ ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯನ್ನು ಬಿಸಿ ಆರುವ ಮೊದಲೇ ತೆಗೆದು, ತುಂಡು ಮಾಡಿ, ಹುಡುಗಿಯ ಹೊಟ್ಟೆಯ ಚರ್ಮದ ಕೆಳಗಿಟ್ಟು ಹೊಲಿಯುವುದು. ಅದನ್ನು ಹರಿಯದೆ, ಪಿತ್ತ ತಾಗಿಸದೆ ತೆಗೆಯಲು ಬಚ್ಚಪ್ಪನಿಗೆ ಹೇಳಿಕಳಿಸಿದರು. "ಮಾಂಸಕ್ಕೆ ಹಚ್ಚುವಂತೆ ಅರಿಶಿನ ಹಚ್ಚಬೇಡ. ಕುದಿಸಿ ಆರಿಸಿದ ಉಪ್ಪುನೀರಿನ ಬಟ್ಟಲಿಗೆ ನೇರ ಹಾಕು" ಎಂದು ಹೇಳಿಕೊಟ್ಟರು.

ಬೆಳಿಗ್ಗೆ ಡಾಕ್ಟರ ಮನೆಯ ಹಿತ್ತಲಿಗೆ ಕುರಿ ಬಂತು. ಪಕ್ಕದ ಜಗಲಿಯ ಮೇಲೆ ಕನಕಮ್ಮನನ್ನು ಮಲಗಿಸಿದ್ದರು. ಬಚ್ಚಪ್ಪ ಚೊಂಬು ಎತ್ತಿದ್ದೇ ತಡ, ಅವಳು ತಲೆಯೆತ್ತಿದಳು.

"ಅಣ್ಣಾ, ಕೊಂಚ ತಣ್ಣಿ."

ತುಟಿ ಒಣಗಿ ಒಡೆದಿತ್ತು. ನೀರಿನ ಚೊಂಬು ಹಿಡಿದ ಕೈ ತಾನಾಗಿ ಅತ್ತ ಹೋಯಿತು.

"ಬೇಡ" ಎಂದರು ಡಾಕ್ಟರು. "ಕ್ಲೋರೋಫಾರಂ ಕೊಡುವಾಗ ವಾಂತಿಯಾದರೆ ಉಸಿರು ಕಟ್ಟುತ್ತೆ."

"ಆಮ್ಯಾಕೆ ಕೊಡ್ತೀನಿ ಕಣವ್ವಾ" ಎಂದು ಬಚ್ಚಪ್ಪ ಆ ನೀರನ್ನು ಕುರಿಯ ಬೆನ್ನಿಗೆ ಸುರಿದ. ಕುರಿ ಕಲ್ಲಿನಂತೆ ನಿಂತಿತು.

ಇನ್ನೊಂದು ಚೊಂಬು ಸುರಿದ. ಅಲುಗಲಿಲ್ಲ. ಉಣ್ಣೆಯಿಂದ ತೊಟ್ಟಿಕ್ಕಿ ನೀರು ಮಣ್ಣಿಗೆ ಇಂಗುವುದನ್ನು ಹುಡುಗಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಡಾಕ್ಟರು ಹಲ್ಲು ಕಚ್ಚಿದರು. ಆರುಮುಗಂ ಕೈ ಮುಗಿದ.

"ಅದು ಒಪ್ದೆ ಕೊಟ್ಟಿದ್ದು ಈ ಮಗೀನ ಮೈಗೆ ಎಂಗೆ ಅತ್ತೀತು? ತಡೀರಿ ಸಾಮಿ" ಎಂದ ಬಚ್ಚಪ್ಪ.

ಮತ್ತೆ ಸುರಿದಾಗ ಕುರಿ ಮೂಗಿನಿಂದ ಬಾಲದವರೆಗೆ ಮೈ ಒದರಿತು. ಹನಿಗಳು ಜಗಲಿಯವರೆಗೆ ಹಾರಿದವು. ಕನಕಮ್ಮ ನಾಲಿಗೆ ಚಾಚಿ ತುಟಿಯ ಮೇಲೆ ಬಿದ್ದ ಹನಿಯನ್ನು ನೆಕ್ಕಿಕೊಂಡಳು. ಬಚ್ಚಪ್ಪ ನೋಡಿಯೂ ನೋಡದವನಂತೆ ಕತ್ತಿ ಹಿಡಿದ.

ಗ್ರಂಥಿ ಹರಿಯಲಿಲ್ಲ, ಪಿತ್ತ ತಾಗಲಿಲ್ಲ. ಹೊಲಿಗೆಯೂ ಚೆನ್ನಾಗಿ ಕೂತಿತು. ಬಚ್ಚಪ್ಪ ಹೊಸ ಮಡಕೆಯಲ್ಲಿ ನೀರು ತಂದು ಬಾಗಿಲಲ್ಲಿ ಕಾದು ಕುಳಿತ. ಅವಳಿಗೆ ಎಚ್ಚರವೇ ಆಗಲಿಲ್ಲ. ಮರುದಿನ ಉಸಿರು ನಿಂತಿತು. ಕುರಿಯ ಮಾಂಸ ಮನುಷ್ಯರ ಮೈಯಲ್ಲಿ ಬದುಕುವುದಿಲ್ಲವೆಂದು ಡಾಕ್ಟರು ಆಮೇಲೆ ಒಪ್ಪಿಕೊಂಡರು. ಅಂದರೆ ಆ ಮಗುವನ್ನು ಒಣಗಿಸಿದ್ದೆಲ್ಲ ದಂಡ.

"ಕುರಿಗೆ ಚೊಂಬುಗಟ್ಲೆ ಸುರಿದೆ. ಬೇಡಿದ ಮಗೀಗೆ ಒಂದು ಗುಟುಕು ಕೊಡ್ಲಿಲ್ಲ" ಎನ್ನುತ್ತಿದ್ದ ಮುದಿ ಬಚ್ಚಪ್ಪ. ಹೊಟ್ಟೆಪಾಡು, ಕಸುಬು ಬಿಡಲಿಲ್ಲ. ಆದರೆ ಮೊದಲ ಚೊಂಬಿನ ನೀರನ್ನು ಸುತ್ತ ನಿಂತ ಮಕ್ಕಳಿಗೆ ಕುಡಿಸದೆ ಕುರಿಯ ಮೈಗೆ ಸುರಿಯುತ್ತಿರಲಿಲ್ಲ. ದಾಹವಿಲ್ಲವೆಂದು ಓಡಿದವರನ್ನೂ ಬೈದು ಕರೆದು ಕುಡಿಸುತ್ತಿದ್ದ. ಆ ಮಕ್ಕಳ ನಡುವೆ ನಿಂತು ನಾನೂ ಕುಡಿದಿದ್ದೇನೆ.