ಇಟಲಿಯ ಅಜ್ಜಿಯ ತಟ್ಟೆ, ನನ್ನ ಉಪ್ಪು

ಕಪ್ಪು ಬಟ್ಟೆ ತೊಟ್ಟ ಆ ಇಟಲಿಯ ಅಜ್ಜಿ ಒಂದು ತಟ್ಟೆ ನೀರು ತಂದು, ಅಳುತ್ತಿದ್ದ ನನ್ನ ಮೊಮ್ಮಗಳ ತಲೆಯ ಮೇಲೆ ಹಿಡಿದು, ಏನೋ ಮಣಮಣಿಸುತ್ತಾ ಬೆರಳಿನಿಂದ ಎಣ್ಣೆಯ ಹನಿ ಬಿಟ್ಟಳು. ದೃಷ್ಟಿ ತೆಗೆಯುತ್ತಿದ್ದಾಳೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಮಗ, ಸೊಸೆ, ಮೊಮ್ಮಕ್ಕಳ ಜೊತೆ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ನಮ್ಮ ಮನೆಯಿಂದ ಇಟಲಿಗೆ ಹೋಗಿ, ಕಾರಿನಲ್ಲಿ ಅಲ್ಲಿನ ಬೆಟ್ಟದೂರುಗಳನ್ನು ಸುತ್ತುತ್ತಿದ್ದೆವು. ಹೋದಲ್ಲೆಲ್ಲ ಜನ ಪುಟ್ಟಿಯ ಕೆನ್ನೆ ಹಿಂಡಿ ಮುದ್ದಿಸಿದ್ದರು. ಹಿಂದಿನ ದಿನದಿಂದ ಅವಳು ಊಟ ಬಿಟ್ಟು ಒಂದೇ ಸಮನೆ ಅಳುತ್ತಿದ್ದಳು. ಸುಸ್ತಾಗಿ ಆ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದೆವು. ಸೊಸೆ ನಕ್ಕಾಳೆಂಬ ಸಂಕೋಚಕ್ಕೆ ನಾನು ತಂದಿದ್ದ ಕಲ್ಲುಪ್ಪು ಬ್ಯಾಗಿನಲ್ಲೇ ಉಳಿದಿತ್ತು. ಈಗ ಧೈರ್ಯ ಮಾಡಿ ಹೊರತೆಗೆದೆ.

“ಅತ್ತೆ, ಗ್ಲೆನ್ ವೇವರ್ಲಿಯಿಂದ ಉಪ್ಪು ಹೊತ್ಕೊಂಡು ಬಂದಿದ್ದೀರಾ? ನಿನ್ನೇನೇ ತೆಗೀಬಾರ್ದಿತ್ತಾ?” ಎಂದಳು ಸೊಸೆ, ನಗುತ್ತಲೇ.

ನಾನು ಪುಟ್ಟಿಗೆ ಉಪ್ಪು ನಿವಾಳಿಸಿದೆ. ಆ ಅಜ್ಜಿ ತಲೆಯಾಡಿಸಿ, ನನ್ನ ಕೈಯಿಂದ ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ತನ್ನ ತಟ್ಟೆಗೂ ಹಾಕಿದಳು. ಅಳು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದ ಪುಟ್ಟಿ, ಆಕೆ ಕೊಟ್ಟ ಬ್ರೆಡ್ಡನ್ನು ಪೂರ್ತಿ ತಿಂದಳು.

ಈಗ ಮೊಮ್ಮಕ್ಕಳು ಬರ್ತ್‌ಡೇ ಪಾರ್ಟಿಯಿಂದ ಬಂದರೆ ಸೊಸೆಯೇ “ಅತ್ತೆ, ಉಪ್ಪು” ಎಂದು ಕೂಗುತ್ತಾಳೆ. ನಾನು ಉಪ್ಪಿನ ಜೊತೆ ಒಂದು ತಟ್ಟೆ ನೀರನ್ನೂ ಇಟ್ಟುಕೊಂಡು, ಅದಕ್ಕೊಂದು ಹನಿ ಎಣ್ಣೆ ಬಿಡುತ್ತೇನೆ.